ಶಾಂಭವಿಯ ಪಾಲಿನ ರೊಟ್ಟಿ

ಬಿಸಿಲು ಊರುಗಳನ್ನೆಲ್ಲ ನುಂಗಿದ ಮೇಲೆ ಸುರಂಗ ಸೇರಿದ ಜನರಿಗೆ ಓದಲು ಉಳಿದದ್ದು ಒಂದೇ ಕಾದಂಬರಿ ಮಾಲೆ. ಅದೂ ಲೋಕ ಹಾಳಾದ ಮೇಲಿನ ಕಥೆಯೇ! ಹುಲಿಗೆವ್ವ ಅದನ್ನು ಎಲ್ಲರಿಗೂ ಓದಿ ಹೇಳುತ್ತಿದ್ದಳು. ಮೂರನೆಯ ಭಾಗದ ಕೊನೆಗೆ ನಾಯಕಿ ಶಾಂಭವಿ ಹಸಿದುಕೊಂಡು ಮರಳುಗಾಡಿನಲ್ಲಿ ಒಬ್ಬಳೇ ನಡೆಯುತ್ತಾಳೆ, ನಾಲ್ಕನೆಯದು ಸಿಕ್ಕಿರಲಿಲ್ಲ. ಜನ ಅವಳಿಗೆಂದು ದಿನಾ ಸುರಂಗದ ಬಾಯಲ್ಲಿ ದೀಪ ಹಚ್ಚಿ, ಒಂದು ರೊಟ್ಟಿ ಇಡುತ್ತಿದ್ದರು. "ಅದು ಬರೇ ಕಥಿ ಐತ್ರೋ" ಎಂದು ಬೈದು ಬೈದು ಹುಲಿಗೆವ್ವನಿಗೆ ಸಾಕಾಗಿತ್ತು.

ಇಂದು ನಸುಕಿನಲ್ಲಿ ಅಪರಿಚಿತ ಹೆಂಗಸೊಬ್ಬಳು ಅಲ್ಲಿ ಕುಳಿತು ಆ ರೊಟ್ಟಿ ತಿನ್ನುತ್ತಿದ್ದಳು.

"ಶಾಂಭವಿ ಏನವ್ವಾ ನೀ?" ಜನ ಮುತ್ತಿಕೊಂಡರು.

"ನಾ ಮಾಬವ್ವ ರೀ. ದೀಪ ಕಾಣ್ಲಿಲ್ಲಂದ್ರ ಸತ್ತೇ ಹೋಗ್ತಿದ್ದೆ."

ಹುಲಿಗೆವ್ವ ಕಣ್ಣೊರೆಸಿಕೊಂಡು ಗದರಿದಳು: "ಏನ್ ನೋಡ್ಕೋತ ನಿಂತೀರಿ? ಇನ್ನೊಂದು ರೊಟ್ಟಿ ತಂದಿಡ್ರಿ. ಶಾಂಭವಿ ಇನ್ನೂ ದಾರ್ಯಾಗ ಅದಾಳ."