ಬಿಲ್ ಇಲ್ಲದ ಸೀರೆ

ದಾವಣಗೆರೆಯ ಒಂದು ದೊಡ್ಡ ಸೀರೆ ಅಂಗಡಿ. ಹೊರಗೆ ಸುಡುವ ಬಿಸಿಲು, ಒಳಗೆ ತಣ್ಣನೆಯ ಎಸಿ...

'ಎಕ್ಸ್‌ಚೇಂಜ್' ಎಂದು ಬರೆದ ಕೌಂಟರಿನ ಮುಂದೆ ಕೊಟ್ರಪ್ಪ ಒಂದು ಸೀರೆ ಹಿಡಿದು ನಿಂತಿದ್ದ. ಆಯಸ್ಸೆಲ್ಲ ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ಕಳೆದ ಮನುಷ್ಯ.

"ಇದನ್ನ ವಾಪಸ್ ಕೊಡ್ಬೇಕಿತ್ತು ತಾಯಿ..."

"ಬಿಲ್ ಐತೇನ್ರಿ ಯಜಮಾನ್ರೆ?" ಕೌಂಟರಿನಲ್ಲಿದ್ದ ಚಂದ್ರಕಲಾ ಕೇಳಿದಳು.

"ಇಲ್ಲ. ಎಲ್ಲೋ ಹೋತು."

"ಬಿಲ್ ಇಲ್ದೆ ತಗಳಾಕೆ ಬರಲ್ರಿ..."

ಕೊಟ್ರಪ್ಪ ಜಗಳ ಆಡಲಿಲ್ಲ. ಹಾಗಂತ ಹೋಗಲೂ ಇಲ್ಲ.

ಹಿಂದೆ ಕ್ಯೂನಲ್ಲಿದ್ದವರು ಗೊಣಗತೊಡಗಿದರು. ಅವನಿಗೆ ಅದು ಕೇಳಿಸಲಿಲ್ಲ. ಈಚೆಗೆ ಅವನಿಗೆ ಯಾವುದೂ ಸರಿಯಾಗಿ ಕೇಳಿಸುತ್ತಿರಲಿಲ್ಲ...

ಹೆಂಡತಿ ಹಾಲಮ್ಮ ತೀರಿಕೊಂಡಾಗಿನಿಂದ ಹಾಗೇ.

ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದ. ಮಲಗು ಎಂದರೆ ಮಲಗುತ್ತಿದ್ದ. ಮಣ್ಣು ಮಾಡುವಾಗಲೂ ಕಣ್ಣಲ್ಲಿ ಒಂದು ಹನಿ ಇಲ್ಲ, ಶಿವಗಣಾರಾಧನೆಯ ದಿನವೂ ಇಲ್ಲ.

"ಕಲ್ಲು ಮನಸ್ಸಿನವನು" ಎಂದು ನೆಂಟರು ಆಡಿಕೊಂಡರು. ಊರ ಬಾಯಿಗೆ ಬೀಗ ಹಾಕಲಾದೀತೇ?

ಅವನಿಗೆ ಅಳು ಬರುತ್ತಿರಲಿಲ್ಲ, ಅಷ್ಟೇ. ಎದೆಯೊಳಗೆ ಏನೋ ಜಡವಾಗಿ ಕೂತುಬಿಟ್ಟಿತ್ತು. ಅದೇನೆಂದು ಅವನೊಬ್ಬನಿಗೇ ಗೊತ್ತು...

ಈ ಸೀರೆ.

ಇಷ್ಟು ವರ್ಷದ ಸಂಸಾರದಲ್ಲಿ ಸೀರೆ ಆರಿಸುವುದು ಹಾಲಮ್ಮನ ಕೆಲಸ. ದುಡ್ಡು ಕೊಟ್ಟು ಅಂಗಡಿಯ ಹೊರಗೆ ಚಹಾ ಕುಡಿಯುತ್ತ ನಿಲ್ಲುವುದು ಅವನ ಕೆಲಸ. ನಮ್ಮ ಗಂಡಸರ ಹಣೆಬರಹವೇ ಇಷ್ಟು!

ಈ ಯುಗಾದಿಗೆ ಮಾತ್ರ ಅವನಿಗೆ ಏನು ಹೊಳೆಯಿತೋ, ಒಬ್ಬನೇ ಬಂದು ತಾನೇ ಆರಿಸಿ ಒಯ್ದಿದ್ದ. ಗಿಳಿಹಸಿರು ಬಣ್ಣ, ಕೆಂಪು ಅಂಚು.

ಹಾಲಮ್ಮ ಬಿಚ್ಚಿ ನೋಡಿದವಳೇ ಕೆಂಡವಾದಳು.

"ಈ ವಯಸ್ಸಿಗೆ ಗಿಳಿಹಸಿರು ಉಟ್ರೆ ಮಂದಿ ನಗಲ್ವೇನ್ರಿ? ಬುದ್ಧಿ ಎಲ್ಲಿಟ್ಟಿದ್ರಿ? ನಾಳೆನೇ ವಾಪಸ್ ಕೊಟ್ಟು ಬರ್ರಿ!"

ಕೊಟ್ರಪ್ಪ ಪೆಚ್ಚಾದ. ನಾಳೆ, ನಾಡಿದ್ದು ಎಂದು ತಳ್ಳುತ್ತ ಬಂದ. ಸೀರೆ ಬೀರುವಿನಲ್ಲೇ ಉಳಿಯಿತು.

ಹಬ್ಬದ ಹಿಂದಿನ ದಿನ ಹೋಳಿಗೆಗೆ ಬೇಳೆ ತೊಳೆಯುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು... ಮತ್ತೆ ಏಳಲಿಲ್ಲ.

ಆಸೆಪಟ್ಟು ತಂದದ್ದು ಒಂದೇ ಒಂದು ಸೀರೆ. ಅದೂ ಅವಳಿಗೆ ಹಿಡಿಸಲಿಲ್ಲ. ವಾಪಸ್ ಕೊಡಿ ಅಂದಳು, ಆ ಮಾತನ್ನೂ ನಡೆಸಿಕೊಡಲಿಲ್ಲ. ಬೇಸರದಲ್ಲೇ ಹೋದಳಲ್ಲ...

ಮಗಳು ತಾಯಿಯ ಸೀರೆಗಳನ್ನು ನೆಂಟರಿಗೆ ಹಂಚಲು ತೆಗೆದಾಗ ಇದೊಂದನ್ನು ಅವನು ಸುಮ್ಮನೆ ಎತ್ತಿಕೊಂಡ. ಬಗಲಲ್ಲಿಟ್ಟುಕೊಂಡು ನೇರ ಅಂಗಡಿಗೆ ಬಂದಿದ್ದ.

"ದುಡ್ಡು ಬ್ಯಾಡ ತಾಯಿ," ಎಂದ ಕೊಟ್ರಪ್ಪ. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಬ್ಯಾರೆ ಸೀರೆನೂ ಬ್ಯಾಡ. ಇದನ್ನ ನೀವು ಇಟ್ಕಂಡ್ರೆ ಸಾಕು. ನಮ್ಮ ಮನೆಯಾಕಿ ವಾಪಸ್ ಕೊಟ್ಟು ಬರ್ರಿ ಅಂದಿದ್ಲು... ಈಗ ಆಕಿ ಇಲ್ಲ."

ಚಂದ್ರಕಲಾ ಅವನ ಮುಖ ನೋಡಿದಳು. ಬಿಲ್ ಕಳೆದುಕೊಂಡವರ ನೂರೆಂಟು ಕಥೆ ಕೇಳಿ ಕೇಳಿ ರೂಢಿಯಾದವಳು. ಆದರೆ ದುಡ್ಡು ಬೇಡ ಎಂದವರನ್ನು ಅವಳು ಕಂಡಿರಲಿಲ್ಲ.

ಸೀರೆ ಬಿಚ್ಚಿದಳು. ವಾಪಸ್ ಬಂದದ್ದನ್ನು ಮಡಿಕೆ ಮಡಿಕೆ ಬಿಡಿಸಿ ನೋಡುವುದು ಆ ಅಂಗಡಿಯ ಪದ್ಧತಿ. ಸೆರಗಿನ ಮೂಲೆಗೆ ಬಂದಾಗ ಅವಳ ಕೈ ನಿಂತಿತು.

"ಯಜಮಾನ್ರೆ... ಇಲ್ನೋಡ್ರಿ."

ಮೂಲೆಯಲ್ಲಿ ಒಂದಿಷ್ಟು ಅರಿಶಿನ. ಅದರ ಪಕ್ಕ ಒಂದು ಸಣ್ಣ ಕುಂಕುಮದ ಬೊಟ್ಟು.

"ಹೊಸಾ ಸೀರೆ ಉಡಾಕೆ ಮುಂಚೆ ಮೂಲೆಗೆ ಅರಿಶಿನ ಹಚ್ತೀವಲ್ರಿ, ಅದು. ಯಾರು ಹಚ್ಚಿದ್ರಿ? ಮಗಳೇನು?"

"ಇಲ್ಲ. ಮಗಳು ಇದನ್ನ ಬಿಚ್ಚೇ ಇಲ್ಲ..."

"ಹಂಗಾರೆ ನಿಮ್ಮ ಮನೆಯೋರೇ ಹಚ್ಚ್ಯಾರೆ. ವಾಪಸ್ ಕೊಡಾ ಸೀರೆಗೆ ಯಾವ ಹೆಣ್ಮಗಳೂ ಅರಿಶಿನ ಹಚ್ಚಲ್ರಿ. ಹಬ್ಬಕ್ಕೆ ಉಡ್ಬೇಕು ಅಂತ ರೆಡಿ ಮಾಡಿ ಇಟ್ಟಿದ್ರು ನೋಡ್ರಿ..."

ಕೊಟ್ರಪ್ಪ ಆ ಅರಿಶಿನದ ಮೇಲೆ ಬೆರಳಿಟ್ಟ.

ಬಾಯಿ ತುಂಬ ಬೈದವಳು, ಅವನು ಭಟ್ಟಿಗೆ ಹೋದ ಹೊತ್ತಿನಲ್ಲಿ ಬೀರು ತೆಗೆದಿದ್ದಾಳೆ. ಈ ಗಿಳಿಹಸಿರನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಾಳೆ. ಅವಳಿಗೆ ಇದು ಇಷ್ಟವಾಗಿತ್ತು...

ಮಣ್ಣು ಮಾಡುವಾಗ ಬಾರದ ಅಳು ಈಗ ಬಂತು. ಅಷ್ಟು ಜನರ ನಡುವೆ, ಅರವತ್ತು ದಾಟಿದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ.

ಮ್ಯಾನೇಜರ್ ಓಡಿ ಬಂದ. ಪಾಪ, ದುಡ್ಡು ಸಿಗಲಿಲ್ಲವೆಂದು ಮುದುಕ ಅಳುತ್ತಿದ್ದಾನೆ ಎಂದುಕೊಂಡ.

"ಅಳಬ್ಯಾಡ್ರಿ ಯಜಮಾನ್ರೆ! ಬಿಲ್ ಇಲ್ದಿದ್ರೂ ಪರ್ವಾಗಿಲ್ಲ, ನಾವು ವಾಪಸ್ ತಗಂತೀವಿ. ಕೊಡ್ರಿ ಇಲ್ಲಿ..."

ಕೊಟ್ರಪ್ಪ ಸೀರೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡ.

"ಬ್ಯಾಡಪ್ಪ... ಕೊಡಲ್ಲ. ಇದು ನಮ್ಮ ಹಾಲಮ್ಮನ ಸೀರೆ."

*

ನಮ್ಮವರ ಬಾಯಿ ಬೈದದ್ದು ನಮಗೆ ಚೆನ್ನಾಗಿ ನೆನಪಿರುತ್ತದೆ... ಅವರ ಕೈ ಸದ್ದಿಲ್ಲದೆ ಮಾಡಿದ್ದು ಕಣ್ಣಿಗೆ ಬೀಳುವುದೇ ಇಲ್ಲ.

ನಿಮ್ಮ ಮನೆಯಲ್ಲೂ ಬೈಯುತ್ತಲೇ ಪ್ರೀತಿಸುವ ಒಂದು ಜೀವ ಇದೆಯಲ್ಲ... ಇವತ್ತು ಅವರು ನಿಮಗಾಗಿ ಏನು ಮಾಡಿದರು, ನೋಡಿದ್ರಾ?