ಹೆಸರು ಬೇಡದ ಮೀನು

ಕಡಲಿನ ನೀರು ಬಿಸಿಯೇರಿದ ಮೇಲೆ ಮರವಂತೆಯ ಬಲೆಗೆ ವರ್ಷವರ್ಷವೂ ಗುರುತಿಲ್ಲದ ಮೀನುಗಳೇ ಬೀಳುತ್ತಿದ್ದವು. ಹೆಸರಿಲ್ಲದ ಮೀನನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಮೀನು ಮಾರುವ ಹೆಂಗಸರು ದಡದಲ್ಲೇ ನಾಮಕರಣ ಮುಗಿಸಿ ಬುಟ್ಟಿ ಹೊರುತ್ತಿದ್ದರು. ಹೋದ ವರ್ಷ ಬಂದ ಊದಿದ ಮುಖದ ಮೀನಿಗೆ ‘ಅತ್ತೆ’ ಎಂದು ಇಟ್ಟಿದ್ದರು. ಅತ್ತೆಗೆ ಈಗಲೂ ಒಳ್ಳೆಯ ಗಿರಾಕಿಯಿತ್ತು.

ಇವತ್ತು ಬಲೆಯಿನ್ನೂ ಮೊಣಕಾಲುದ್ದ ನೀರಿನಲ್ಲಿತ್ತು. ಹೆಂಗಸರಲ್ಲಿ ಕಿರಿಯಳಾದ ಧನ್ವಿ ಅದರಿಂದ ಒಂದು ಮೀನು ಹಿಡಿದು ತಂದು, ಹೆಸರಿಡುವ ಹಿರಿಯಳಾದ ಶರ್ಮಿಳಾ ಅಜ್ಜಿಯ ಅಂಗೈಯಲ್ಲಿಟ್ಟಳು. ಅದರ ನೀಲಿ ಬೆನ್ನಿನ ಮೇಲೆ ಕಪ್ಪು ಗೀರುಗಳಿದ್ದವು.

“ಅಜ್ಜಿ, ಇದ್ಕೆ ಎಂತ ಹೆಸ್ರ್ ಇಡುದು?”

ಅಜ್ಜಿ ಮೂಸಿದಳು. ನಂಬಿಕೆಯಾಗದೆ ಮತ್ತೊಮ್ಮೆ ಮೂಸಿದಳು.

“ಬಂಗ್ಡೆ ಅಲ್ದಾ ಇದ್! ನಾನ್ ಮದ್ವಿ ಆದ್ ವರ್ಷ ತಂಪು ನೀರ್ ಹುಡ್ಕಂಡ್ ಹೋದ್ದ್, ಈಗ ಬಂತ್ ಕಾಣ್.”

“ಹಾಂಗಾರೆ ನಮ್ಮ ಕಡ್ಲ್ ತಂಪಾಯ್ತಾ?”

ಅಜ್ಜಿ ಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿದಳು. ಬೆರಳಿಗೆ ಮೊಟ್ಟೆಗಳು ಅಂಟಿದವು.

“ಇದ್ಕೆ ಹೆಸ್ರ್ ಎಂತಕೆ? ಬಾಣಂತನಕ್ಕೆ ತೌರಿಗೆ ಬಂದ ಮಗಳ್ ಇದ್. ಬಲೆ ಬಿಚ್ಚಿ, ಇದೂ ಉಳ್ದದ್ದೂ ಎಲ್ಲ ಹೋಗ್ಲಿ.”

ಹೆಂಗಸರು ಖಾಲಿ ಬುಟ್ಟಿಗಳನ್ನು ಮರಳಿನ ಮೇಲಿಟ್ಟು ನೀರಿಗಿಳಿದರು. ಬಲೆಯ ಗಂಟು ಬಿಚ್ಚುತ್ತಲೇ ಧನ್ವಿ ಕೂಗಿ ಕೇಳಿದಳು: “ಮತ್ತ್ ಇವತ್ತ್ ಮಾರುದ್ ಎಂತ, ಅಜ್ಜಿ?”

“ಐಸ್ ಪೆಟ್ಟಿಗಿಯೊಳ್ಗೆ ಅತ್ತೆ ಇತ್ತಲ್ದಾ, ಅದನ್ನ್ ಮಾರ್!”