ಏಳನೇ ಹೆಜ್ಜೆ

"ಆ ಹೆಜ್ಜೆ ತಪ್ಪು," ಎಂದುಬಿಟ್ಟ ದೆಶುನ್.

ಅಂಗಳದಲ್ಲಿ ಸಾಲಾಗಿ ವರಸೆ ಮಾಡುತ್ತಿದ್ದ ಇಪ್ಪತ್ತಾರು ಮಂದಿ ನಿಂತಲ್ಲೇ ನಿಂತು ತಿರುಗಿ ನೋಡಿದರು. ದೌ ಗುರುಗಳು ತೀರಿಕೊಂಡು ಅಂದಿಗೆ ಸರಿಯಾಗಿ ಮೂರು ವರ್ಷ. ಮಧ್ಯಾಹ್ನದೊಳಗೆ ಎಲ್ಲರೂ ಗೋಧಿ ಹೊಲದಂಚಿನ ಸಮಾಧಿಗೆ ಹೋಗಿ, ಸತ್ತವರಿಗೆಂದು ಕಾಗದದ ನೋಟು ಸುಟ್ಟು, ಗುರುಗಳು ಕಲಿಸಿದ ವರಸೆಯನ್ನು ಅವರ ಮುಂದೆ ಮಾಡಿ ತೋರಿಸುವುದಿತ್ತು. ಅದಕ್ಕಾಗಿ ಬೆಳಗಿನಿಂದ ತಾಲೀಮು ನಡೆದಿತ್ತು. ಬಾಗಿಲ ಬಳಿ ಕೈಚೀಲ ಹಿಡಿದು ನಿಂತಿದ್ದ ಈ ಐವತ್ತೆಂಟರ ಲಾರಿ ಡ್ರೈವರನನ್ನು ಯಾರೂ ಕರೆದಿರಲಿಲ್ಲ, ಯಾರಿಗೂ ಅವನ ಗುರುತಿರಲಿಲ್ಲ.

"ಏನು ತಪ್ಪು?" ಗುರುಗಳ ನಂತರ ಗರಡಿ ನಡೆಸುತ್ತಿದ್ದ ಹೈತಾವ್ ಮುಂದೆ ಬಂದ.

"ಏಳನೇ ಹೆಜ್ಜೇಲಿ ಎಡಗಾಲು ಎತ್ತಿ ಇಡ್ಬೇಕು. ನೀವೆಲ್ಲ ನೆಲದ ಮೇಲೆ ಎಳೀತಾ ಇದೀರಿ."

"ಈ ತ್ಸಾಂಗ್‌ಜೌ ಸೀಮೇಲಿ ಇರೋ ಗರಡಿಯೋರೆಲ್ಲ ಎತ್ತಿ ಇಡೋರೇ. ಎಳೆಯೋರು ನಾವು ಮಾತ್ರ. ಅದೇ ನಮ್ಮ ಗುರುಗಳ ಗುರುತು. ಇಪ್ಪತ್ತೆಂಟು ವರ್ಷ ಅವರ ಕಾಲನ್ನೇ ನೋಡ್ಕೊಂಡು ಕಲ್ತವನು ನಾನು. ತಾವು ಯಾವೂರ ಪಂಡಿತರು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೆಶುನ್ ಅವರ ಕಾಲುಗಳನ್ನು ಇನ್ನೊಮ್ಮೆ ನೋಡಿದ, ಆಗ ಅವನಿಗೆ ಅರ್ಥವಾಯಿತು. ಹಿಂದೆ ಅವನು ಇಲ್ಲಿ ಕಲಿಯುತ್ತಿದ್ದಾಗಲೂ ಇದೇ ಅಂಗಳ, ಇದೇ ಎಲಚಿ ಮರದ ಬುಡ. ಆಗ ಗುರುಗಳಿಗಿದ್ದ ಶಿಷ್ಯ ಅವನೊಬ್ಬನೇ. ಇಪ್ಪತ್ತೇಳರ ವಯಸ್ಸು, ಹಿಂದಿನ ದಿನವಷ್ಟೇ ಪಂದ್ಯ ಗೆದ್ದು ಬಂದಿದ್ದ, ತಲೆ ನೆಟ್ಟಗಿರಲಿಲ್ಲ. ಕೈಗೆ ಕೈ ಕೊಟ್ಟು ತಳ್ಳುವ ಅಭ್ಯಾಸದಲ್ಲಿ ಗುರುಗಳು "ಸಾಕು, ನಿಲ್ಲಿಸು" ಎಂದರು. ಅವನು ನಿಲ್ಲಿಸಲಿಲ್ಲ. ಗುರುಗಳ ಎಡ ಮಂಡಿ ಒಣಗಿದ ಜೋಳದ ದಂಟು ಮುರಿದಂತೆ ಸದ್ದು ಮಾಡಿತು. ಅವರು ಮೇಲೇಳುವ ಮೊದಲೇ ಅವನು ಊರು ಬಿಟ್ಟಿದ್ದ. ಮೂವತ್ತೊಂದು ವರ್ಷ ತಿಯಾಂಜಿನ್ ನಗರದಿಂದ ದಿಕ್ಕುದಿಕ್ಕಿಗೆ ಲಾರಿ ಓಡಿಸಿದ, ಒಂದು ಸಾಲು ಕಾಗದ ಬರೆಯಲಿಲ್ಲ. ಇಂದು ಸಮಾಧಿಯ ಮುಂದೆ, ಎಲ್ಲರೆದುರು, ಆ ಪಾಪಿ ನಾನೇ ಎಂದು ಹೇಳಿ ಹಗುರಾಗಬೇಕೆಂದು ಬಂದಿದ್ದ.

ಅಷ್ಟರಲ್ಲಿ ಅಡುಗೆಮನೆಯಿಂದ ಗುರುಗಳ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಅವನನ್ನು ಒಂದು ಗಳಿಗೆ ದಿಟ್ಟಿಸಿದರು.

"ದೆಶುನ್, ಒಳಗೆ ಬಾ. ಹಿಟ್ಟು ನಾದೋಕೆ ನನ್ನ ಕೈಲಿ ಆಗ್ತಿಲ್ಲ," ಎಂದವರೇ ಹೈತಾವ್ ಕಡೆ ತಿರುಗಿದರು. "ನಿಮ್ಮೆಲ್ಲರಿಗಿಂತ ಮೊದಲು ನಿಮ್ಮ ಗುರುಗಳಿಗೆ ಚಹಾ ಕೊಟ್ಟವನು ಇವನು."

ಮಂಡಿಯೂರಿ ಗುರುಗಳ ಕೈಗೆ ಚಹಾ ಬಟ್ಟಲು ಕೊಟ್ಟು ಶಿಷ್ಯನಾದ ದಿನದಿಂದಲೇ ಅಲ್ಲಿ ಹಿರಿತನದ ಲೆಕ್ಕ. ಹೈತಾವ್ ಮುಖ ಇಳಿಯಿತು. ಬಾಗಿ ಕೈಮುಗಿದ. "ಗೊತ್ತಾಗ್ಲಿಲ್ಲ ಅಣ್ಣ. ಹಾಗಿದ್ರೆ ಸಮಾಧಿ ಮುಂದೆ ಮೊದಲು ವರಸೆ ಹಾಕ್ಬೇಕಾದೋರು ನೀವೇ."

ಒಳಗೆ ಹಿಟ್ಟಿಗೆ ಕೈಹಾಕಿದ ದೆಶುನ್ ತಲೆ ಎತ್ತಲಿಲ್ಲ. "ಎಲ್ಲರ ಮುಂದೆ ಹೇಳ್ಬಿಡ್ತೀನಿ ಅಮ್ಮ. ಅದಕ್ಕೇ ಬಂದೆ."

"ಹೇಳಿದ್ರೆ ನಿನಗೆ ಹಗುರಾಗತ್ತೆ. ಅವರು ಪಟ್ಟ ಪಾಡು?" ಮುದುಕಿಯ ದನಿಯಲ್ಲಿ ಸಿಟ್ಟಿತ್ತು. ಇಷ್ಟು ವರ್ಷದ ಸಿಟ್ಟು ಅದು. "ಮೂರು ತಿಂಗಳಿಗೆ ಕಾಲಿನ ಕಟ್ಟು ಬಿಚ್ಚಿದ್ರು. ಅಂಗಳಕ್ಕಿಳಿದ್ರೆ ಕಾಲು ಮೇಲೇಳ್ಲೇ ಇಲ್ಲ. ಹೊಸದಾಗಿ ಸೇರಿದೋರು ಕೇಳಿದ್ರು, ಯಾಕೆ ಎಳೀತೀರಿ ಅಂತ. ಈ ಹೆಜ್ಜೆ ಇರೋದೇ ಹೀಗೆ ಅಂದ್ಬಿಟ್ರು. ಸುಳ್ಳು ಯಾಕೆ ಹೇಳಿದ್ರಿ ಅಂತ ನಾನು ಜಗಳ ಆಡ್ದೆ. ಪೆಟ್ಟಾಗಿದೆ ಅಂದ್ರೆ ಯಾರು ಮಾಡಿದ್ದು ಅಂತ ಕೇಳ್ತಾರೆ, ಆಮೇಲೆ ದೆಶುನ್ ಈ ಊರಿಗೆ ಹೇಗೆ ವಾಪಸ್ ಬರ್ತಾನೆ ಅಂದ್ರು."

ದೆಶುನ್ ಕೈ ಹಿಟ್ಟಿನಲ್ಲೇ ನಿಂತಿತು.

"ಆ ಮನುಷ್ಯ ಹೇಳಿದ್ದು ಅದೊಂದೇ ಸುಳ್ಳು," ಎಂದರು ಅವರು. "ಸಾಯೋವರೆಗೂ ಬಿಟ್ಟುಕೊಡ್ಲಿಲ್ಲ. ನೀನು ಬಂದು ಕೆಡಿಸ್ಬೇಡ. ಚೆನ್ನಾಗಿ ನಾದು, ಗಂಟು ಉಳ್ಕೊಂಡಿದೆ."

ಸಮಾಧಿಯ ಬಳಿ ಕಾಗದ ಸುಟ್ಟ ಬೂದಿ ಗೋಧಿ ಪೈರಿನ ಮೇಲೆ ಹಾರುತ್ತಿತ್ತು. ದೆಶುನ್ ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿ ಎದ್ದ. ಹೇಳಬೇಕೆಂದಿದ್ದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು ವರಸೆಗೆ ನಿಂತ. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದ ಮೈ ಏನನ್ನೂ ಮರೆತಿರಲಿಲ್ಲ. ಆರು ಹೆಜ್ಜೆ ಹಳೆಯ ಚುರುಕಿನಲ್ಲೇ ಹೋದವು. ಏಳನೆಯದಕ್ಕೆ ಎಡಗಾಲು ಅಭ್ಯಾಸಬಲದಿಂದ ಮೇಲೆದ್ದಿತು. ಅವನು ಅದನ್ನು ಕೆಳಗಿಳಿಸಿ ಧೂಳಿನಲ್ಲಿ ಎಳೆದ. ಹಿಂದೆ ಇಪ್ಪತ್ತಾರು ಎಡಗಾಲುಗಳು ಒಟ್ಟಿಗೆ ನೆಲ ಸವರುವ ಸದ್ದು ಕೇಳಿದಾಗ ಅವನಿಗೆ ಅಳು ತಡೆಯಲಾಗಲಿಲ್ಲ.

ಎಲ್ಲ ಮುಗಿದ ಮೇಲೆ ಹೈತಾವ್ ಒಂದು ಬಟ್ಟಲು ಜೋಳದ ಸಾರಾಯಿ ತಂದುಕೊಟ್ಟು ಪಕ್ಕದಲ್ಲಿ ನಿಂತ. ಏನೋ ಹೇಳಬೇಕು, ಹೇಗೆ ಹೇಳುವುದೆಂದು ತಿಳಿಯದೆ ಒದ್ದಾಡುತ್ತಿದ್ದ.

"ಬೇಜಾರು ಮಾಡ್ಕೋಬೇಡಿ ಅಣ್ಣ. ಮೊದಲ ಆರು ಹೆಜ್ಜೆ ನೋಡಿ ಗುರುಗಳೇ ಎದ್ದು ಬಂದ ಹಾಗಾಯ್ತು. ಏಳನೇದು ಮಾತ್ರ ಬರ್ಲಿಲ್ಲ. ಗುರುಗಳ ಕಾಲು ಇನ್ನೂ ಭಾರವಾಗಿ ಬರ್ತಿತ್ತು. ಅದನ್ನ ಕಲಿಯೋ ಮೊದಲೇ ನೀವು ಊರು ಬಿಟ್ಟಿರ್ಬೇಕು."

ದೆಶುನ್ ಬಟ್ಟಲಿನ ಸಾರಾಯಿಯನ್ನು ಸಮಾಧಿಯ ಮಣ್ಣಿಗೆ ಸುರಿದ.

"ಹೌದಪ್ಪ," ಎಂದ. "ಅದನ್ನ ಕಲಿಯೋಕೆ ನಾನು ನಿಲ್ಲಲಿಲ್ಲ. ನೀನೇ ಕಲಿಸು."